ಸರ್ವಿಸ್ ಸ್ಟಾರ್ಟ್ ಆಗದಿದ್ದರೆ ಮೊದಲು ಲಾಗ್ ಓದಿ

ವಸ್ತುಪ್ರದರ್ಶನಕ್ಕೆ ಒಂದೇ ದಿನ ಬಾಕಿಯಿತ್ತು. ನಮ್ಮ ತಂಡದ ವೆಬ್‌ಸೈಟ್ ಇದ್ದ ಉಬುಂಟು ಕಂಪ್ಯೂಟರಿನಲ್ಲಿ ಅಪಾಚೆ ಸರ್ವರ್ ಸ್ಟಾರ್ಟ್ ಆಗಲೇ ಇಲ್ಲ. "ಫಾರ್ಮ್ಯಾಟ್ ಮಾಡಿಬಿಡೋಣ" ಎಂದ ಗೆಳೆಯ. ನಾನೂ ಒಪ್ಪಿದ್ದೆ. ತಿಂಗಳ ಕೆಲಸವೆಲ್ಲ ಅದರಲ್ಲೇ ಇತ್ತು, ಬೇರೆ ಕಾಪಿ ಇರಲಿಲ್ಲ. ಲ್ಯಾಬಿನ ಸರ್ ತಡೆದರು: "ಕಾರಣ ಅದರಲ್ಲೇ ಬರೆದಿರುತ್ತೆ, ಮೊದಲು ಓದಿ ನೋಡಿ."

ಅಪಾಚೆಯಂತೆ ತೆರೆಮರೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಮನ್ನು ಸರ್ವಿಸ್ ಎನ್ನುತ್ತೇವೆ. ಉಬುಂಟುವಿನಲ್ಲಿ ಅದನ್ನು ಶುರು ಮಾಡುವುದು, ನಿಲ್ಲಿಸುವುದು ಸಿಸ್ಟಮ್‌ಡಿಯ ಕೆಲಸ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಪಾಚೆ2’ ಎಂಬ ಕಮಾಂಡ್ ಕೊಟ್ಟೆ. ಕೆಂಪು ಅಕ್ಷರದಲ್ಲಿ ‘ಫೇಲ್ಡ್’ ಎಂದು ಬಂತು. ಕಾರಣ ತಿಳಿಯಲು ‘ಜರ್ನಲ್‌ಸಿಟಿಎಲ್ -ಯು ಅಪಾಚೆ2’ ಕೊಟ್ಟೆ. ಕೊನೆಯ ಸಾಲುಗಳಲ್ಲಿ ಉತ್ತರವಿತ್ತು: ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’, ಪೋರ್ಟ್ 80.

ಬಸ್ಸಿನ ಸೀಟಿಗೆ ಒಬ್ಬರು ಟವೆಲ್ ಹಾಕಿದ ಮೇಲೆ ಇನ್ನೊಬ್ಬರು ಕೂರುವಂತಿಲ್ಲ, ಪೋರ್ಟೂ ಹಾಗೆಯೇ. ಕೂತಿರುವವರು ಯಾರು? ‘ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ’ ಹೆಸರು ತೋರಿಸಿತು: ‘ಎಚ್‌ಟಿಟಿಪಿಡಿ’. ಬೆಳಿಗ್ಗೆ ಅಪಾಚೆ ನಿಲ್ಲಿಸಿ, ಪ್ರಯೋಗಕ್ಕೆಂದು ನಾನೇ ಎಕ್ಸಾಂಪ್ ಆನ್ ಮಾಡಿದ್ದೆ. ಆಫ್ ಮಾಡಲು ಮರೆತಿದ್ದೆ! ಅದನ್ನು ನಿಲ್ಲಿಸಿ ‘ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಅಪಾಚೆ2’ ಕೊಟ್ಟಾಗ ವೆಬ್‌ಸೈಟ್ ತೆರೆಯಿತು.

ಎಲ್ಲ ಸಲವೂ ಪೋರ್ಟೇ ಕಾರಣವಲ್ಲ. ಕಾನ್ಫಿಗರೇಶನ್ ಫೈಲಿನಲ್ಲಿ ತಪ್ಪಿದ್ದರೆ ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಡಿಸ್ಕ್ ತುಂಬಿದೆಯೇ ಎಂದು ‘ಡಿಎಫ್ -ಎಚ್’ ತೋರಿಸುತ್ತದೆ.

ಫಾರ್ಮ್ಯಾಟ್ ಮಾಡಿದ್ದರೆ ಮರುದಿನ ನಮ್ಮ ಮೇಜು ಖಾಲಿ ಇರುತ್ತಿತ್ತು. ಈಗ ಪ್ರತಿ ಸಂಜೆ ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿಕೊಂಡೇ ಲ್ಯಾಬಿನಿಂದ ಹೊರಡುತ್ತೇನೆ.