ಮಿಶ್ರ ದ್ರಾವಕಗಳಲ್ಲಿ ಫುಲ್ಲರೀನ್ ಅಣುಗಳ ಗೊಂಚಲುಗೂಡುವಿಕೆ

ಪೀಠಿಕೆ

ವಜ್ರ ಮತ್ತು ಗ್ರಾಫೈಟ್‌ಗಳಂತೆ ಫುಲ್ಲರೀನ್ ಸಹ ಇಂಗಾಲದ ಬಹುರೂಪವಾಗಿದೆ. ಇದರ ಪ್ರಮುಖ ಅಣುವಾದ ಸಿ-60ರಲ್ಲಿ 60 ಇಂಗಾಲದ ಪರಮಾಣುಗಳು 12 ಪಂಚಭುಜ ಹಾಗೂ 20 ಷಡ್ಭುಜಗಳಾಗಿ ಹೆಣೆದುಕೊಂಡು, ಕಾಲ್ಚೆಂಡನ್ನು ಹೋಲುವ ಟೊಳ್ಳು ಪಂಜರವನ್ನು ರಚಿಸುತ್ತವೆ. ಇದರ ವ್ಯಾಸ ಸುಮಾರು 0.7 ನ್ಯಾನೊಮೀಟರ್. 1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಂಡುಹಿಡಿದ ಹ್ಯಾರೊಲ್ಡ್ ಕ್ರೋಟೊ, ರಾಬರ್ಟ್ ಕರ್ಲ್ ಮತ್ತು ರಿಚರ್ಡ್ ಸ್ಮಾಲಿ ಅವರಿಗೆ 1996ರ ರಸಾಯನವಿಜ್ಞಾನ ನೊಬೆಲ್ ಪ್ರಶಸ್ತಿ ಲಭಿಸಿತು.

ಗೊಂಚಲುಗೂಡುವಿಕೆ ಎಂದರೇನು?

ಸಿ-60 ಟೊಲುಯೀನ್ ದ್ರಾವಕದಲ್ಲಿ ವಿಲೀನಗೊಂಡು ನೇರಳೆ ಬಣ್ಣದ ದ್ರಾವಣವನ್ನು ನೀಡುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಒಂದು ಮಿಲಿಲೀಟರ್ ಟೊಲುಯೀನ್‌ನಲ್ಲಿ ಸುಮಾರು 2.8 ಮಿಲಿಗ್ರಾಂ ಕರಗಬಲ್ಲದು. ಈ ದ್ರಾವಣದಲ್ಲಿ ಪಂಜರಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿರುತ್ತವೆ. ಇದಕ್ಕೆ ಅಸಿಟೋನೈಟ್ರೈಲ್ ದ್ರಾವಕವನ್ನು ಬೆರೆಸುತ್ತಾ ಹೋದಂತೆ, ಒಂದು ಮಿತಿಯ ನಂತರ ನೇರಳೆ ಬಣ್ಣ ಮಾಸಿ ಕಂದು ಛಾಯೆಗೆ ತಿರುಗುತ್ತದೆ. ಬಿಡಿ ಅಣುಗಳು ಒಂದುಗೂಡಿ, ಹತ್ತಾರು ಇಲ್ಲವೆ ನೂರಾರು ನ್ಯಾನೊಮೀಟರ್ ಗಾತ್ರದ ಗೊಂಚಲುಗಳಾಗಿರುವುದೇ ಇದಕ್ಕೆ ಕಾರಣ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1990ರ ದಶಕದಲ್ಲಿ ಇಂತಹ ದ್ರಾವಕ ಮಿಶ್ರಣಗಳಲ್ಲಿ ಫುಲ್ಲರೀನ್‌ಗಳ ವರ್ತನೆಯನ್ನು ಅಧ್ಯಯನ ಮಾಡಿದ್ದಾರೆ.

ಕಾರಣಗಳು

1. ಟೊಲುಯೀನ್ ಅಣುವಿನ ಚಪ್ಪಟೆ ಉಂಗುರವು ಪಂಜರದ ಮೇಲ್ಮೈಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

2. ಅಸಿಟೋನೈಟ್ರೈಲ್ ಧ್ರುವೀಯ ದ್ರಾವಕ. ಟೊಲುಯೀನ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.4 ಇದ್ದರೆ, ಇದರದು ಸುಮಾರು 37. ಇದರ ಅಣುಗಳು ಪರಸ್ಪರ ಬಲವಾಗಿ ಆಕರ್ಷಿಸುವುದರಿಂದ ಪಂಜರಗಳಿಗೆ ತಮ್ಮ ನಡುವೆ ಎಡೆ ನೀಡುವುದಿಲ್ಲ.

3. ಹೀಗೆ ಹೊರದೂಡಲ್ಪಟ್ಟ ಪಂಜರಗಳು ವ್ಯಾನ್ ಡರ್ ವಾಲ್ಸ್ ಬಲಗಳಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ದ್ರಾವಕಗಳ ಪ್ರಮಾಣವಲ್ಲದೆ, ಅವುಗಳನ್ನು ಬೆರೆಸುವ ವೇಗವೂ ಗೊಂಚಲಿನ ಗಾತ್ರವನ್ನು ಪ್ರಭಾವಿಸುತ್ತದೆ.

ಗುರುತಿಸುವ ವಿಧಾನ

ಗೊಂಚಲುಗಳಿರುವ ದ್ರವವು ಬರಿಗಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಆದುದರಿಂದ ಬೆಳಕಿನ ಹೀರಿಕೆಯ ರೋಹಿತ ಹಾಗೂ ಬೆಳಕಿನ ಚದುರುವಿಕೆಯನ್ನು ಅಳೆಯಲಾಗುತ್ತದೆ. ಗೊಂಚಲುಗಳು ಉಂಟಾದಾಗ ರೋಹಿತದ ಚೂಪಾದ ಶಿಖರಗಳು ಅಗಲಗೊಳ್ಳುತ್ತವೆ.

ಈ ಅರಿವು ಏಕೆ ಅಗತ್ಯ?

ಸಿ-60 ನೀರಿನಲ್ಲಿ ಪ್ರಾಯೋಗಿಕವಾಗಿ ಕರಗುವುದಿಲ್ಲ. ಆದರೂ ಟೆಟ್ರಾಹೈಡ್ರೊಫ್ಯೂರಾನ್ ದ್ರಾವಕದಲ್ಲಿ ಕರಗಿಸಿ, ನೀರು ಬೆರೆಸಿ, ಬಳಿಕ ದ್ರಾವಕವನ್ನು ಹೊರತೆಗೆದರೆ, ಋಣ ವಿದ್ಯುದಂಶವುಳ್ಳ ಗೊಂಚಲುಗಳು ನೀರಿನಲ್ಲಿ ತೇಲುತ್ತಾ ಉಳಿಯುತ್ತವೆ. ಇಂತಹ ನೀರು ಮೀನುಗಳ ಮೆದುಳಿಗೆ ಹಾನಿ ಮಾಡುತ್ತದೆಂದು 2004ರಲ್ಲಿ ಪ್ರಕಟವಾದ ಅಧ್ಯಯನವು ಆತಂಕ ಮೂಡಿಸಿತು. ಆದರೆ ಇದೇ ವಿಧಾನದಿಂದ ಸಿದ್ಧಪಡಿಸಿದ ನೀರನ್ನು ಜೀಬ್ರಾಮೀನಿನ ಮರಿಗಳ ಮೇಲೆ ಪರೀಕ್ಷಿಸಿದ 2007ರ ಅಧ್ಯಯನವು, ಅಲ್ಲಿ ಕಂಡ ವಿಷಪರಿಣಾಮಕ್ಕೆ ಫುಲ್ಲರೀನ್‌ಗಿಂತ ದ್ರಾವಕದಿಂದ ಉಂಟಾದ ವಿಭಜನಾ ಪದಾರ್ಥಗಳು ಕಾರಣವೆಂದು ಸೂಚಿಸಿತು.

ಆದ್ದರಿಂದ ಯಾವುದೇ ಸುರಕ್ಷತಾ ಪರೀಕ್ಷೆಯಲ್ಲಿ ಪದಾರ್ಥದ ಹೆಸರನ್ನಷ್ಟೇ ನಮೂದಿಸಿದರೆ ಸಾಲದು. ಬಳಸಿದ ದ್ರಾವಕ, ಬೆರೆಸಿದ ಕ್ರಮ, ಗೊಂಚಲಿನ ಗಾತ್ರ ಮತ್ತು ಉಳಿದಿರುವ ದ್ರಾವಕದ ಅಂಶವನ್ನೂ ದಾಖಲಿಸುವುದು ಅವಶ್ಯಕ.

ಸೂಚನೆ: ಮೇಲ್ಕಂಡ ಸಾವಯವ ದ್ರಾವಕಗಳು ಸುಲಭವಾಗಿ ಹೊತ್ತಿಕೊಳ್ಳುವಂತಹವು ಹಾಗೂ ಆರೋಗ್ಯಕ್ಕೆ ಹಾನಿಕರ. ವಿದ್ಯಾರ್ಥಿಗಳು ಈ ಪ್ರಯೋಗಗಳನ್ನು ಸುಸಜ್ಜಿತ ಪ್ರಯೋಗಾಲಯದಲ್ಲಿ, ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಕೈಗೊಳ್ಳತಕ್ಕದ್ದು.