ನಿರೋಪ ಸಮಾರಂಭಕ್ಕೆ ಏನು ಉಡಬೇಕು? ಖರ್ಚಿಲ್ಲದ ಕೆಲವು ದಾರಿಗಳು

ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಸಂಕ್ರಮಣ ಮುಗಿಯುತ್ತಿದ್ದಂತೆ ಹತ್ತನೇ ಇಯತ್ತೆಯ ಮಕ್ಕಳ ನಿರೋಪ ಸಮಾರಂಭದ ಮಾತು ಶುರುವಾಗುತ್ತದೆ. ಕರ್ನಾಟಕದ ಕಡೆ ಇದಕ್ಕೆ ಬೀಳ್ಕೊಡುಗೆ ಎನ್ನುತ್ತಾರೆ. ನಮ್ಮಲ್ಲಿ ಮರಾಠಿಯ ನಿರೋಪ ಎಂಬ ಮಾತೇ ರೂಢಿಯಾಗಿದೆ. ಫೆಬ್ರವರಿ–ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ, ಅದಕ್ಕೆ ಮೊದಲು ಒಂದು ದಿನ ಭಾಷಣ, ಹಾಡು, ಊಟ, ಫೋಟೋ. ಆ ಒಂದು ದಿನ ಯೂನಿಫಾರ್ಮ್ ಬೇಡ ಎಂದು ಶಾಲೆಯವರೇ ಹೇಳುತ್ತಾರೆ. ಹೆಣ್ಣುಮಕ್ಕಳು ಸೀರೆ ಉಡುತ್ತಾರೆ, ಗಂಡುಮಕ್ಕಳು ಸಾಧ್ಯವಾದರೆ ಬ್ಲೇಜರ್ ಹಾಕುತ್ತಾರೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಪ್ರಾಮ್ ಎಂಬ ಸಮಾರಂಭ ಇದೆಯಂತೆ ಎಂದು ನಮ್ಮ ಸದಸ್ಯರೊಬ್ಬರ ಮೊಮ್ಮಗಳು ಕೇಳಿದಳು. ಹೌದು, ಇದೆ. ಪ್ರಾಮೆನೇಡ್ ಎಂಬ ಪದದ ಮೊಟಕು ರೂಪ ಅದು. ಅಲ್ಲಿ ಹುಡುಗಿಯರು ಉದ್ದನೆಯ ಗೌನ್, ಹುಡುಗರು ಬಾಡಿಗೆಯ ಸೂಟ್ ಹಾಕಿಕೊಂಡು ಕುಣಿಯಲು ಹೋಗುತ್ತಾರೆ. ನಮ್ಮದರಲ್ಲಿ ಕುಣಿತ ಕಡಿಮೆ, ಭಾಷಣ ಜಾಸ್ತಿ. ಆದರೆ ಮನೆಯಲ್ಲಿ ನಡೆಯುವ ಲೆಕ್ಕಾಚಾರ ಎರಡೂ ಕಡೆ ಒಂದೇ. ಅಲ್ಲಿಯೂ ಬಡವರ ಮಕ್ಕಳಿಗೆಂದು ಒಮ್ಮೆ ಹಾಕಿದ ಗೌನ್‌ಗಳನ್ನು ಸಂಗ್ರಹಿಸಿ ಕೊಡುವ ಸಂಸ್ಥೆಗಳಿವೆ. ಈ ಲೇಖನದ ಕೊನೆಯಲ್ಲಿ ನಾವು ಹೇಳಹೊರಟದ್ದೂ ಅಂಥದೇ ಒಂದು ಸಂಗತಿ.

ಮೊದಲು ವಿಷಯದ ತೂಕ ಹೇಳಬೇಕು. ನಮ್ಮ ಭಾಗದ ಅನೇಕ ತಾಯಂದಿರು ಬೀಡಿ ಸುತ್ತಿ ಮನೆ ನಡೆಸುತ್ತಾರೆ. ಜತ್ತ ಕಡೆಯ ಎಷ್ಟೋ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೋದರೆ ಕಾರ್ಖಾನೆಯ ಹಂಗಾಮು ಮುಗಿಯುವ ತನಕ, ಅಂದರೆ ಹೆಚ್ಚುಕಡಿಮೆ ಮಾರ್ಚಿನ ತನಕ, ಊರಿಗೆ ಬರುವುದಿಲ್ಲ. ನಿರೋಪ ಸಮಾರಂಭ ಬರುವುದು ಸರಿಯಾಗಿ ಈ ನಡುವೆ. ಮಗಳು ಊರಲ್ಲಿ ಆಯಿಯ ಹತ್ತಿರ ಇರುತ್ತಾಳೆ, ಅವ್ವ ಕಬ್ಬಿನ ಫಡದಲ್ಲಿ ಇರುತ್ತಾಳೆ. ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿ. ಸೀರೆ ಇದ್ದರೂ ತೆಗೆದುಕೊಡುವವರಿಲ್ಲ, ಉಡಿಸುವವರಿಲ್ಲ.

ಇಂಥ ಮಕ್ಕಳು ಸೀರೆ ಇಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. "ಹೊಟ್ಟಿ ನೋಯ್ತಿತ್ರಿ ಟೀಚರ್" ಎಂದು ಮರುದಿನ ಹೇಳುತ್ತಾರೆ. ವರ್ಗದ ಗ್ರೂಪ್ ಫೋಟೋದಲ್ಲಿ ಅವರ ಮುಖ ಇರುವುದಿಲ್ಲ. ಹತ್ತು ವರ್ಷ ಜೊತೆಗೆ ಕನ್ನಡ ಕಲಿತ ಮಕ್ಕಳು ಮುಂದೆ ಮರಾಠಿ, ಇಂಗ್ಲಿಷ್ ಕಾಲೇಜುಗಳಿಗೆ ಚದುರಿಹೋಗುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ಕನ್ನಡದಲ್ಲಿ ಮಾತಾಡುವ ಕೊನೆಯ ಕಾರ್ಯಕ್ರಮ ಎಷ್ಟೋ ಮಕ್ಕಳಿಗೆ ಇದೇ ಆಗಿರುತ್ತದೆ. ಒಂದು ಸೀರೆಯ ಕಾರಣಕ್ಕೆ ಅದು ತಪ್ಪಬಾರದು.

ಹಾಗಾದರೆ ಎಲ್ಲರೂ ಯೂನಿಫಾರ್ಮಿನಲ್ಲೇ ಬರಲಿ, ತಂಟೆಯೇ ಬೇಡ ಎಂದು ಕೆಲವು ಹಿರಿಯರ ಅಭಿಪ್ರಾಯ. ನಮ್ಮ ಕಾರ್ಯಕಾರಿ ಸಮಿತಿಯಲ್ಲೂ ಈ ಚರ್ಚೆ ಆಯಿತು. ನಾವು ಅದಕ್ಕೆ ಒಪ್ಪುವುದಿಲ್ಲ. ಹದಿನಾರು ವರ್ಷದ ಹುಡುಗಿಗೆ ಮೊದಲ ಸಲ ಸೀರೆ ಉಡುವ ಆಸೆ ಇರುವುದು ಸಹಜ, ಅದನ್ನು ಕಸಿಯಬೇಕಾಗಿಲ್ಲ. ಶಾಲೆಗಳು ಬೇರೊಂದು ಕೆಲಸ ಮಾಡಬಹುದು. ಈಚೆಗೆ ಒಂದು ಹೊಸ ರೂಢಿ ಬಂದಿದೆ: ಎಲ್ಲ ಹುಡುಗಿಯರೂ ಒಂದೇ ಬಣ್ಣದ ಸೀರೆ ಉಡಬೇಕು, ಅದಕ್ಕೆ ಥೀಮ್ ಎನ್ನುತ್ತಾರೆ. ನೋಡಲು ಚೆಂದ, ನಿಜ. ಆದರೆ ಮನೆಯಲ್ಲಿ ಹತ್ತು ಸೀರೆ ಇದ್ದರೂ ಆ ಬಣ್ಣದ್ದು ಇಲ್ಲದಿದ್ದರೆ ಹೊಸದು ಕೊಳ್ಳಲೇಬೇಕಾಗುತ್ತದೆ. ಖರ್ಚು ಹುಟ್ಟುವುದೇ ಅಲ್ಲಿ. ಬಣ್ಣ ನಿಗದಿ ಮಾಡಬೇಡಿ, "ಮನೆಯಲ್ಲಿರುವ ಸೀರೆ" ಎಂದು ನೋಟೀಸಿನಲ್ಲಿ ಬರೆಯಿರಿ ಎಂದು ಮುಖ್ಯಾಧ್ಯಾಪಕರಲ್ಲಿ ನಮ್ಮ ವಿನಂತಿ. ಗುರುಗಳಿಗೆ ಕಾಣಿಕೆ ಕೊಡಲು ಎತ್ತುವ ವರ್ಗಣಿಯನ್ನೂ ಅದೇ ವಾರದಲ್ಲಿ ಕೇಳಬಾರದು.

ಇನ್ನು ಸೀರೆಯ ವಿಷಯ. ನಮ್ಮ ಮನೆಗಳಲ್ಲಿ ಆಯಂದಿರ ಇಳಕಲ್ ಸೀರೆ ಒಂದಾದರೂ ಇದ್ದೇ ಇರುತ್ತದೆ. ಕೆಂಪು ಸೆರಗು, ಅದರಲ್ಲಿ ಬಿಳಿಯ ತೋಪು ತೆನಿ, ಮೈಯೆಲ್ಲ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುವುದು ಇಳಕಲ್ ನೇಯ್ಗೆಯ ವಿಶೇಷ. ಇದು ಹಳೇ ಕಾಲದ್ದು, ಮುದುಕಿಯರದ್ದು ಎಂದು ಹುಡುಗಿಯರು ಮೂಗು ಮುರಿಯುತ್ತಿದ್ದ ಕಾಲ ಹೋಯಿತು. ಈಗ ಪುಣೆ, ಮುಂಬಯಿಯ ಅಂಗಡಿಗಳಲ್ಲಿ ಗುಳೇದಗುಡ್ಡದ ಖಣದಲ್ಲಿ ಹೊಲಿದ ಡ್ರೆಸ್, ಪರ್ಸ್ ಎಲ್ಲ ಬಂದಿವೆ. ಪೇಟೆಯವರು ದುಡ್ಡು ಕೊಟ್ಟು ಕೊಳ್ಳುವುದು ನಮ್ಮ ಟ್ರಂಕಿನಲ್ಲಿ ಪುಕ್ಕಟೆ ಇದೆ.

ಹಳೆಯ ಸೀರೆಗಳು ಎಂಟು ವಾರ, ಒಂಬತ್ತು ವಾರ ಇರುತ್ತವೆ. ಈಗಿನ ಸೀರೆ ಆರು ವಾರದ ಹತ್ತಿರ, ಅಂದರೆ ಸುಮಾರು ಐದೂವರೆ ಮೀಟರ್. ಉದ್ದದ ಸೀರೆಯನ್ನು ಕತ್ತರಿಸಿ ಆರು ವಾರ ಮಾಡಿಕೊಡಿ ಎಂದು ಟೇಲರ್ ಹತ್ತಿರ ಒಯ್ಯುವವರಿದ್ದಾರೆ. ದಯವಿಟ್ಟು ಕತ್ತರಿಸಬೇಡಿ. ಕಚ್ಚೆ ಹಾಕಿ ಉಡಿಸಿ. ಕಚ್ಚೆ ಸೀರೆಗೆ ಒಳ ಪರಕಾರ ಬೇಡ, ಫಾಲ್ ಬೇಡ, ಪಿಕೋ ಬೇಡ. ಒಳಗೆ ಚಡ್ಡಿಯೋ ಲೆಗ್ಗಿಂಗ್ಸೋ ಇದ್ದರೆ ಆಯಿತು. ಮೂರು ಖರ್ಚು ಅಲ್ಲೇ ಉಳಿಯಿತು. ಮೇಲಾಗಿ ಕಾಲು ಬಿಡುವಾಗಿ ಇರುತ್ತದೆ, ಎಸ್‌ಟಿ ಬಸ್ ಹತ್ತಿ ಇಳಿಯಲು, ಬೇಕಾದರೆ ಸೈಕಲ್ ಹೊಡೆಯಲೂ ಅಡ್ಡಿಯಿಲ್ಲ. ಮೊದಲ ಸಲ ಸೀರೆ ಉಟ್ಟ ಹುಡುಗಿಯರು ನಿರಿಗೆ ಕಾಲಿಗೆ ಸಿಕ್ಕು ಮೆಟ್ಟಿಲ ಮೇಲೆ ಮುಗ್ಗರಿಸುವುದನ್ನು ಪ್ರತಿವರ್ಷ ನೋಡುತ್ತೇವೆ. ಕಚ್ಚೆಯಲ್ಲಿ ಆ ಭಯ ಕಡಿಮೆ. ಉಡಿಸಲು ಬರುವ ಹಿರಿಯರು ಓಣಿಗೊಬ್ಬರಾದರೂ ಇದ್ದಾರೆ. ಒಂದು ರವಿವಾರ ಮುಂಚೆಯೇ ಅವರ ಹತ್ತಿರ ಹೋಗಿ ಎರಡು ಸಲ ಉಟ್ಟು ಬಿಚ್ಚಿ ಅಭ್ಯಾಸ ಮಾಡಿಕೊಳ್ಳಬೇಕು. "ಆಯಿ, ನನಗ ಕಚ್ಚಿ ಹಾಕೂದು ಕಲಸ್ರಿ" ಎಂದು ಕೇಳಿದರೆ ಯಾವ ಆಯಿಯೂ ಇಲ್ಲ ಎನ್ನುವುದಿಲ್ಲ.

ಬಹಳ ದಿನ ಮಡಚಿ ಇಟ್ಟ ಸೀರೆಯನ್ನು ಮೊದಲು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ರೇಷ್ಮೆ, ಜರಿ ಇದ್ದರೆ ಮಡಿಕೆಯ ಗೆರೆಯಲ್ಲೇ ಮೊದಲು ಸೀಳುವುದು. ಸೀಳಿದ ಜಾಗ ನಿರಿಗೆಯ ಒಳಗೆ ಹೋಗುವಂತೆ ಉಡಬಹುದು, ಇಲ್ಲವೇ ಹಿಂದಿನಿಂದ ಅದೇ ಬಣ್ಣದ ಚಿಕ್ಕ ತುಂಡು ಕೊಟ್ಟು ಕೈಹೊಲಿಗೆ ಹಾಕಬಹುದು. ವಾಸನೆ ಹೋಗಲು ನೆರಳಲ್ಲಿ ಒಂದು ದಿನ ಹರವಿದರೆ ಸಾಕು, ಬಿಸಿಲಿಗೆ ಬೇಡ. ಒಗೆಯಲೇಬೇಕಾದರೆ ಬಿಳಿ ಬಟ್ಟೆಯ ತುಂಡು ಒದ್ದೆ ಮಾಡಿ ಕೆಂಪು ಸೆರಗಿನ ಮೂಲೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ. ರೇಷ್ಮೆಯ ಭಾಗಕ್ಕೆ ಇಸ್ತ್ರಿ ಮಾಡುವಾಗ ಮೇಲೆ ತೆಳ್ಳನೆಯ ಹತ್ತಿ ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ.

ನಿಜವಾದ ಖರ್ಚು ಇರುವುದು ಜಂಪರಿನಲ್ಲಿ. ಸೀರೆ ಯಾರದ್ದಾದರೂ ನಡೆಯುತ್ತದೆ, ಜಂಪರ್ ಮೈಗೆ ಸರಿಯಾಗಬೇಕು. ಅಸ್ತರ ಹಾಕಿ ಹೊಸದಾಗಿ ಹೊಲಿಸಲು ಹೋದರೆ ಬಟ್ಟೆಗಿಂತ ಕೂಲಿಯೇ ಜಾಸ್ತಿ, ಲಗ್ನದ ಹಂಗಾಮಿನಲ್ಲಿ ಟೇಲರ್ ಹೇಳಿದ ದಿನಕ್ಕೆ ಕೊಡುವುದೂ ಇಲ್ಲ. ಅವ್ವನ, ಅಕ್ಕನ, ಚಿಕ್ಕವ್ವನ ಹಳೆಯ ಜಂಪರ್ ತೆಗೆದು ಒಳಗಿನ ಹೊಲಿಗೆ ನೋಡಿ. ಪಕ್ಕದಲ್ಲಿ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಬಿಗಿಯಾದರೆ ಒಂದು ಸಾಲು ಬಿಚ್ಚಿದರೆ ಸಡಿಲವಾಗುತ್ತದೆ. ಸಡಿಲವಾದರೆ ಪಕ್ಕಕ್ಕೆ ಕಚ್ಚಾ ಹೊಲಿಗೆ ಹಾಕಿ ಬಿಗಿ ಮಾಡಿ, ಕಾರ್ಯಕ್ರಮ ಮುಗಿದ ಮೇಲೆ ದಾರ ಎಳೆದರೆ ಜಂಪರ್ ಮೊದಲಿನಂತೆ. ಸೀರೆಯ ಬಣ್ಣಕ್ಕೆ ಸರಿಹೊಂದುವ ಜಂಪರ್ ಇಲ್ಲ ಎಂದು ಚಿಂತಿಸಬೇಕಾಗಿಲ್ಲ. ಕಪ್ಪು, ಕೆಂಪು, ಅಥವಾ ಖಣದ ಜಂಪರ್ ಯಾವ ಇಳಕಲ್ಲಿಗೂ ಒಪ್ಪುತ್ತದೆ. ನಮ್ಮ ಹಿರಿಯರು ಬಣ್ಣ ಹೊಂದಿಸಿ ಉಡುತ್ತಲೇ ಇರಲಿಲ್ಲ, ಬಣ್ಣಕ್ಕೆ ಎದುರು ಬಣ್ಣ ಉಡುತ್ತಿದ್ದರು. ಸೀರೆ ಉಡಲು ಮನಸ್ಸಿಲ್ಲದ ಹುಡುಗಿಗೆ ಖಣದ ಪರಕಾರ ಪೋಲಕಾ ಇದೆ. ಯಾವುದೂ ಸಿಗದಿದ್ದರೆ ಶಾಲೆಯ ಬಿಳಿ ಶರ್ಟನ್ನೇ ಸೀರೆಯ ಮೇಲೆ ಇನ್‌ಶರ್ಟ್ ಮಾಡಿ ಹಾಕಿದ ಹುಡುಗಿಯೊಬ್ಬಳನ್ನು ಹಿಂದೊಮ್ಮೆ ಕಂಡಿದ್ದೆವು. ಮರುವರ್ಷ ಅದೇ ಶಾಲೆಯಲ್ಲಿ ನಾಲ್ವರು ಹಾಗೆ ಬಂದಿದ್ದರು.

ಸೇಫ್ಟಿ ಪಿನ್ ಏಳೆಂಟು ಇರಲಿ, ಭುಜಕ್ಕೊಂದು, ನಿರಿಗೆಗೊಂದು, ಉಳಿದವು ಗೆಳತಿಯರಿಗೆ. ಹೊಸ ಹೈ ಹೀಲ್ಸ್ ಬೇಡ, ಸೀರೆಯ ಕೆಳಗೆ ಚಪ್ಪಲಿ ಯಾರಿಗೂ ಕಾಣುವುದಿಲ್ಲ. ಬಂಗಾರ ಖಂಡಿತ ಬೇಡ. ಬಸ್ಸಿನ ಗದ್ದಲದಲ್ಲಿ ಕಳೆದರೆ ಅದರ ಸಂಕಟ ಪರೀಕ್ಷೆಯ ತನಕ ಕಾಡುತ್ತದೆ. ಮೆಹೆಂದಿ ಹಚ್ಚುವುದಾದರೆ ಸೊಪ್ಪಿನದು ಹಚ್ಚಿ. ಹತ್ತು ನಿಮಿಷದಲ್ಲಿ ಕಪ್ಪಾಗುವ ಕಪ್ಪು ಮೆಹೆಂದಿಯಲ್ಲಿ ಕೂದಲ ಬಣ್ಣಕ್ಕೆ ಹಾಕುವ ರಾಸಾಯನಿಕ ಇರುವುದುಂಟು, ಕೆಲವರಿಗೆ ಅದರಿಂದ ಬೊಬ್ಬೆ ಏಳುತ್ತದೆ. ಅದೇ ಕೈಯಿಂದ ಪೇಪರ್ ಬರೆಯಬೇಕಲ್ಲ.

ಗಂಡುಮಕ್ಕಳದು ಸುಲಭ ಎಂದುಕೊಳ್ಳುತ್ತೇವೆ. ಆದರೆ ಬ್ಲೇಜರಿನ ಹುಚ್ಚು ಈಗ ಅವರಿಗೇ ಹೆಚ್ಚು. ಫೆಬ್ರವರಿಯ ಮಧ್ಯಾಹ್ನ ಸೋಲಾಪುರದ ಬಿಸಿಲಿನಲ್ಲಿ, ಪತ್ರಾಸಿನ ಶೆಡ್ಡಿನ ಕೆಳಗೆ ಬ್ಲೇಜರ್ ಹಾಕಿ ಕೂತವನ ಸ್ಥಿತಿ ಆ ದೇವರಿಗೇ ಗೊತ್ತು. ಒಂದೇ ಬ್ಲೇಜರನ್ನು ಐದು ಹುಡುಗರು ಸರದಿಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನೂ ನಾವು ನೋಡಿದ್ದೇವೆ. ಅದು ಜಾಣತನವೇ ಸರಿ. ಬಾಡಿಗೆಗೆ ತರುವುದಾದರೆ ಐವರು ಕೂಡಿ ಒಂದು ತನ್ನಿ. ತರುವಾಗ ಗುಂಡಿ, ಜೇಬು, ಕಂಕುಳಿನ ಹೊಲಿಗೆ ಅಂಗಡಿಯವರ ಎದುರಿಗೇ ನೋಡಿ, ಕಲೆ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡಿಪಾಜಿಟ್ ಎಷ್ಟು, ಯಾವ ದಿನ ಎಷ್ಟು ಗಂಟೆಗೆ ಹಿಂದಿರುಗಿಸಬೇಕು ಎಂಬುದು ಚೀಟಿಯಲ್ಲಿ ಬರೆದಿರಲಿ. ಬಾಯಿಮಾತಿನ ಡಿಪಾಜಿಟ್ ಪೂರ್ತಿ ಹಿಂದೆ ಬರುವುದು ಅಪರೂಪ. ಇಷ್ಟು ವರ್ಷ ಕಚೇರಿಯಲ್ಲಿ ರಸೀದಿ ಬರೆದವರ ಮಾತು ಇದು, ನಂಬಿರಿ.

ಅದಕ್ಕಿಂತ ಒಳ್ಳೆಯ ಉಡುಪು ನಮ್ಮ ಊರಲ್ಲೇ ಇದೆ. ಸಂಕ್ರಮಣದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳ ಮೆರವಣಿಗೆಯಲ್ಲಿ ಸಾವಿರಾರು ಜನ ಬಿಳಿಯ ಬಾರಾಬಂದಿ ಹಾಕಿಕೊಂಡು ನಡೆಯುತ್ತಾರೆ. ಗುಂಡಿಯ ಬದಲು ಹನ್ನೆರಡು ಕಸೆ ಕಟ್ಟುವುದರಿಂದ ಆ ಹೆಸರು. ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೂ ಬಾರಾಬಂದಿ ಹೊಲಿಸಿರುತ್ತಾರೆ, ಜಾತ್ರೆ ಮುಗಿದ ಮೇಲೆ ಅದು ಮಡಚಿ ಕಪಾಟಿಗೆ ಹೋಗುತ್ತದೆ. ಹತ್ತಿಯ ಬಟ್ಟೆ, ಬಿಸಿಲಿಗೆ ಹಿತ, ಯಾವ ಬಾಡಿಗೆಯ ಕೋಟಿಗೂ ಕಡಿಮೆಯಿಲ್ಲದ ಗತ್ತು. ಜಾತ್ರೆಗೆ ಹೇಗೂ ಮಕ್ಕಳಿಗೆ ಬಟ್ಟೆ ತೆಗೆಯುವವರು ನಿರೋಪವನ್ನೂ ನೆನಪಿನಲ್ಲಿಟ್ಟುಕೊಂಡರೆ ಒಂದೇ ಖರೀದಿಯಲ್ಲಿ ಎರಡು ಕೆಲಸ ಆಗುತ್ತದೆ. ಬಾರಾಬಂದಿ ಇಲ್ಲದವರು ಬಿಳಿ ಶರ್ಟ್, ಕಪ್ಪು ಪ್ಯಾಂಟು, ಮೇಲೊಂದು ಜಾಕೀಟು ಹಾಕಿದರೂ ಚೆನ್ನಾಗಿರುತ್ತದೆ. ಕೊರಳಪಟ್ಟಿ ಸವೆದ ಶರ್ಟಾದರೆ ಪಟ್ಟಿ ಬಿಚ್ಚಿ ತಿರುವಿ ಹೊಲಿಸಿ, ಒಳಗಿನ ಹೊಸ ಮಗ್ಗುಲು ಹೊರಗೆ ಬರುತ್ತದೆ. ನಮ್ಮ ಕಾಲದಲ್ಲಿ ಕಾರಕೂನರ ಶರ್ಟುಗಳೆಲ್ಲ ಹೀಗೆ ಎರಡು ಆಯುಷ್ಯ ಬದುಕುತ್ತಿದ್ದವು. ಯೂನಿಫಾರ್ಮ್ ಹೊಲಿಗೆಗೆ ಹೆಸರಾದ ಸೋಲಾಪುರದಲ್ಲಿ ಈ ಕೆಲಸ ಬಲ್ಲ ಟೇಲರುಗಳಿಗೆ ಬರವಿಲ್ಲ. ಬೂಟಿಗೆ ಪಾಲಿಶ್ ಮಾತ್ರ ಮರೆಯಬಾರದು.

ಕೊನೆಗೆ ಸಂಘದ ಕಡೆಯಿಂದ ಒಂದು ಸೂಚನೆ. ಈ ವರ್ಷ ಸಂಘದ ಕಚೇರಿಯಲ್ಲಿ ಒಂದು ಸೀರೆ ಪೆಟ್ಟಿಗೆ ಇಡುತ್ತಿದ್ದೇವೆ. ಉಡದೆ ಇಟ್ಟಿರುವ ಒಳ್ಳೆಯ ಸೀರೆ, ಜಂಪರ್, ಖಣ, ಬಾರಾಬಂದಿ, ಜಾಕೀಟು ಇದ್ದವರು ರವಿವಾರ ಬೆಳಿಗ್ಗೆ 10ರಿಂದ 12ರ ಒಳಗೆ ತಂದುಕೊಡಬೇಕು. ಹರಿದದ್ದು, ಕಲೆಯಾದದ್ದು ಬೇಡ. ನಿಮ್ಮ ಮಗಳಿಗೆ ಉಡಿಸುವಂತಿದ್ದರೆ ಮಾತ್ರ ತನ್ನಿ. ಶಾಲೆಯ ಗುರುಗಳ ಮೂಲಕವೋ ನೇರವಾಗಿಯೋ ಮಕ್ಕಳು ಬಂದು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳಬಹುದು. ಹೊಲಿಗೆ ಬಲ್ಲ ಇಬ್ಬರು ಸದಸ್ಯೆಯರು ಅಲ್ಲೇ ಕೂತು ಜಂಪರ್ ಸರಿಮಾಡಿಕೊಡುತ್ತಾರೆ. ಅವ್ವ ಊರಲ್ಲಿಲ್ಲದ ಮಕ್ಕಳು ಸಮಾರಂಭದ ದಿನ ಬೆಳಿಗ್ಗೆ ಬಂದರೆ ಸೀರೆ ಉಡಿಸಿ, ತಲೆ ಬಾಚಿ, ಹೂ ಮುಡಿಸಿ ಕಳಿಸುತ್ತಾರೆ.

ಒಯ್ದವರ ಹೆಸರು ರಜಿಸ್ಟರಿನಲ್ಲಿ ಮಾತ್ರ ಇರುತ್ತದೆ. ಕೊಡುವಾಗ ಫೋಟೋ ತೆಗೆಯುವುದಿಲ್ಲ, ವಾರ್ಷಿಕ ವರದಿಯಲ್ಲಿ ಹೆಸರು ಹಾಕುವುದಿಲ್ಲ, ಸೀರೆ ಕೊಟ್ಟವರಿಗೂ ಯಾರು ಉಟ್ಟರೆಂದು ಹೇಳುವುದಿಲ್ಲ. ಒಯ್ದ ಸೀರೆಯನ್ನು ಒಗೆದು ಇಸ್ತ್ರಿ ಮಾಡಿ ತರಬೇಕಾಗಿಲ್ಲ, ಮಡಚಿ ತಂದರೆ ಸಾಕು. ಅದಕ್ಕೂ ಅವಸರವಿಲ್ಲ, ಪರೀಕ್ಷೆಯ ಕೊನೆಯ ಪೇಪರ್ ಬರೆದ ಮೇಲೆ ತಂದುಕೊಡಬಹುದು.