ಕಬ್ಬಿಣದ ಊರಿಗೆ ಇಂಗಾಲದ ಸುದ್ದಿ

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್ ದಾಟಿ ಬಸವಕಲ್ಯಾಣದತ್ತ ಬಂದರೆ ಸುತ್ತಿಗೆಯ ಸದ್ದು, ವೆಲ್ಡಿಂಗಿನ ಕಿಡಿ. ಆಟೋನಗರದ ಲಾರಿ ಕೆಲಸದಿಂದಲೇ ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಪವಿತ್ರ ಕುರ್‌ಆನಿನ 57ನೇ ಅಧ್ಯಾಯದ ಹೆಸರೇ ‘ಅಲ್ ಹದೀದ್’, ಅಂದರೆ ಕಬ್ಬಿಣ. ಆ ಕಬ್ಬಿಣದ ಜಾಗಕ್ಕೆ ವಾಹನಗಳಲ್ಲಿ ನಿಧಾನವಾಗಿ ಇಂಗಾಲ ಬರುತ್ತಿದೆ. ಮಕ್ಕಳು ಗ್ಯಾರೇಜಿನಲ್ಲಿ ದುಡಿಯುವ ಮನೆಯ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಕಾರ್ಬನ್ ಫೈಬರ್ ಎಂದರೆ ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಇಂಗಾಲದ ನಾರು. ಅದನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ತೂಕ ಉಕ್ಕಿನ ಸುಮಾರು ಐದನೇ ಒಂದು ಪಾಲು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಇಂಥದ್ದೇ ವಸ್ತು.

ಹಳೆಯ ಮಣ್ಣಿನ ಗೋಡೆ ನೆನಪಿಸಿಕೊಳ್ಳಿ. ಮಣ್ಣಿಗೆ ಹುಲ್ಲು ಸೇರಿಸಿ ತುಳಿದರೆ ಗೋಡೆ ಬಿರುಕು ಬಿಡುವುದು ಕಡಿಮೆ. ಇಲ್ಲಿ ನಾರು ಹುಲ್ಲಿದ್ದಂತೆ, ಅಂಟು ಮಣ್ಣಿದ್ದಂತೆ. ಆದರೆ ಪೆಟ್ಟು ಬಿದ್ದಾಗ ಮೊದಲು ಸೋಲುವುದು ಅಂಟೇ. ಪದರ ಪದರದ ನಡುವೆ ಬಿರುಕು ಹರಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ!

ಈ ಅಂಟನ್ನು ಬಲಪಡಿಸಲು ಗ್ರಾಫೀನ್ ಬೆರೆಸುತ್ತಾರೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟಿನ ಒಂದೇ ಒಂದು ಪದರ ಅದು. ಒಂದು ಮಿಲಿಮೀಟರಿನಲ್ಲಿ ಅಂಥ ಸುಮಾರು 30 ಲಕ್ಷ ಪದರಗಳಿರುತ್ತವೆ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಬೇರ್ಪಡಿಸಿದ್ದು ಸಾಮಾನ್ಯ ಅಂಟುಪಟ್ಟಿಯಿಂದ. 2010ರಲ್ಲಿ ಅವರಿಗೆ ನೊಬೆಲ್ ಬಂತು. ನೂರು ಪಾಲು ಅಂಟಿಗೆ ಒಂದು ಪಾಲಿಗಿಂತಲೂ ಕಡಿಮೆ ಗ್ರಾಫೀನ್ ಸಾಕು. ಮುಂದೆ ಸಾಗುವ ಬಿರುಕಿಗೆ ಅದು ಅಡ್ಡ ನಿಲ್ಲುತ್ತದೆ. ಹೆಚ್ಚು ಹಾಕಿದರೆ ಕಡಲೆಹಿಟ್ಟಿನಂತೆ ಗಂಟು ಕಟ್ಟುತ್ತದೆ, ಆ ಗಂಟೇ ದುರ್ಬಲ ಜಾಗವಾಗುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2009ರಲ್ಲೇ ಪ್ಲಾಸ್ಟಿಕ್‌ಗೆ ಗ್ರಾಫೀನ್‌ನಂಥ ಎರಡು ಬಗೆಯ ಇಂಗಾಲವನ್ನು ಜೊತೆಯಾಗಿ ಬೆರೆಸಿ, ಒಂದನ್ನೇ ಬೆರೆಸಿದ್ದಕ್ಕಿಂತ ಅದು ಬಹಳ ಗಟ್ಟಿಯೆಂದು ತೋರಿಸಿದ್ದರು.

2019ರಲ್ಲಿ ಇಂಗ್ಲೆಂಡಿನ ಬಿಎಸಿ ಕಂಪೆನಿ ‘ಮೋನೋ ಆರ್’ ಕಾರಿನ ಹೊರಮೈಯನ್ನೆಲ್ಲ ಗ್ರಾಫೀನ್ ಬೆರೆಸಿದ ಕಾರ್ಬನ್ ಫೈಬರಿನಿಂದ ಮಾಡಿತು. ಅದು ಒಬ್ಬರೇ ಕೂರುವ, ಶ್ರೀಮಂತರ ಕಾರು. ಉಕ್ಕಿನ ಅಗ್ಗದ ಬೆಲೆಯ ಮುಂದೆ ಇದು ನಿಲ್ಲುವುದಿಲ್ಲ, ಆದ್ದರಿಂದ ನಮ್ಮ ಲಾರಿಗಳು ನಾಳೆಯೇ ಬದಲಾಗುತ್ತವೆಂದು ಹೆದರಬೇಕಿಲ್ಲ. ಆದರೂ ಮೈ ಹಗುರವಾದಷ್ಟೂ ಡೀಸೆಲ್ ಉಳಿಯುತ್ತದೆ, ಹೆಚ್ಚು ಸರಕು ಹೇರಬಹುದು. ಆ ಆಸೆ ಗಾಡಿ ಮಾಲೀಕರನ್ನು ಬಿಡುವುದಿಲ್ಲ.

ನನಗೆ ಕಾಡುವ ಪ್ರಶ್ನೆ ರಿಪೇರಿಯದು. ಇದನ್ನು ವೆಲ್ಡಿಂಗ್ ಮಾಡಲಾಗದು, ಅಂಟು ಸುಟ್ಟುಹೋಗುತ್ತದೆ. ತಗ್ಗಾದ ತಗಡಿನಂತೆ ಬಡಿದು ಸರಿಪಡಿಸಲೂ ಆಗದು. ನಾಣ್ಯದಿಂದ ತಟ್ಟಿ ಸದ್ದು ಕೇಳಬೇಕು. ಮಂಕಾಗಿ ಕೇಳಿಸಿದಲ್ಲಿ ಒಳಗೆ ಪದರ ಬಿಟ್ಟಿರಬಹುದು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಸಿ ಎಪಾಕ್ಸಿ ಕೈಗೆ ತಾಗಿದರೆ ತುರಿಕೆ, ಗುಳ್ಳೆ ಏಳಬಹುದು. ಮಗ ಆ ಕೆಲಸಕ್ಕೆ ಹೋದರೆ ಮಾಸ್ಕು, ಕೈಗವಸು ಕೊಟ್ಟಿದ್ದಾರೆಯೇ ಎಂದು ಕೇಳಿ, ಧೂಳಿನ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಕಾರ್ಬನ್ ಫೈಬರಿನ ಭಾಗಕ್ಕೆ ಮೊದಲು ಬೇಕಾದದ್ದು ನಿಖರವಾದ ಅಚ್ಚು. ಅಚ್ಚು ಮಾಡುವ ವಿದ್ಯೆಯನ್ನೇ ಕಲಿಸುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹುಮನಾಬಾದಿನಲ್ಲೇ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಡಿಪ್ಲೊಮಾ ಕಲಿಯುವ ಅವಕಾಶವಿದೆ. ಫಲಿತಾಂಶ ಬಂದ ವಾರವೇ ಮಗನ ಜೊತೆ, ಮಗಳ ಜೊತೆಯೂ, ಒಮ್ಮೆ ಅಲ್ಲಿ ಹೋಗಿ ವಿಚಾರಿಸಿ ಬನ್ನಿ.